ಗೂಬೆಯ ಕೈಬರಹ

ಸರ್ಕಾರದ ಪತ್ರ ಚಿಕ್ಕದಾಗಿತ್ತು. ‘ಗೂಬೆ’ ಎಂಬ ಹೆಸರಿನಲ್ಲಿ ನನ್ನ ಪತ್ರಿಕೆಯಲ್ಲಿ ಬಂದ ಲೇಖನ ಜಿಲ್ಲಾ ಕಮಿಷನರರ ಮಾನ ಕಳೆದಿದೆ. ಬರೆದವನ ಹೆಸರು ತಿಳಿಸಿದರೆ ಕ್ರಿಮಿನಲ್ ಮೊಕದ್ದಮೆಯಿಂದ ನನ್ನನ್ನು ಕೈಬಿಡಲಾಗುವುದು.

ಗೂಬೆ ಎಂದರೆ ನನ್ನ ಹೆಂಡತಿ ದೇದೆಯ ತಮ್ಮ ಕೊಟೆ. ಅಕ್ರಾದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಕಮಿಷನರ್ ಒಬ್ಬ ಹೊರೆಯಾಳನ್ನು ಸಾಯುವಂತೆ ಹೊಡೆಸಿದ ವರದಿ ಅವನ ಕಣ್ಣಿಗೆ ಬಿದ್ದಿತ್ತು.

“ಈ ಕಾಗದ ಟೈಪ್ ಮಾಡಿದ್ದೂ ನಾನೇ ಭಾವ,” ಎಂದು ನಕ್ಕ. “ಒಂದ್ ತಪ್ಪಿದ್ರೆ ತೋರಿಸಿ.”

“ನಿನ್ನ ಟೈಪಿಗೆ ಬೆಂಕಿ ಹಾಕ! ಜೈಲಿಗೆ ಹೋಗೋನು ನಾನು ಕಣೋ.”

“ಹೆಸರು ಹೇಳ್ಬಿಡ್ತೀರಾ?”

“ಇಲ್ಲ.”

ಹೇಳಲಾಗದು ಎಂದೇ ಉತ್ತರ ಬರೆದೆ. ಮೊಕದ್ದಮೆ ಬಿತ್ತು. ಕೊಟೆಯ ಕೈಬರಹದ ಹಸ್ತಪ್ರತಿ ತೋರಿಸಿದರೆ ದಂಡದಲ್ಲಿ ಮುಗಿಯುತ್ತದೆ ಎಂದರು ವಕೀಲರು. ನಾನು ಒಪ್ಪಲಿಲ್ಲ. ಕೊಟೆ ಅದನ್ನು ನಂಬಲಿಲ್ಲ. ಜಗಳವಾಗಿ, ಮನೆಗೆ ಬರುವುದನ್ನೇ ಬಿಟ್ಟ.

ಹೊಮೊವೊ ಹಬ್ಬದ ದಿನ ಬಂದ. ಅಂದು ಒಂದೇ ಬಟ್ಟಲಿಗೆ ಕೈ ಹಾಕಿದವರ ಜಗಳ ಅಲ್ಲಿಗೆ ಮುಗಿಯಬೇಕು. ನಮ್ಮಲ್ಲಿ ಕಳ್ಳನೂ ಇದನ್ನು ಮೀರುವುದಿಲ್ಲ. ದೇದೆ ಮೆಕ್ಕೆಜೋಳದ ಕ್ಪೊಕ್ಪೊಯ್ ಮೇಲೆ ತಾಳೆಸಾರು ಸುರಿದು ನಮ್ಮಿಬ್ಬರ ನಡುವೆ ಇಟ್ಟಳು.

“ಮೀನಿನ ತಲೆ ನೀವೇ ತಗೊಳ್ಳಿ ಭಾವ. ಮನೆ ಯಜಮಾನ್ರು.”

“ಮುಳ್ಳೆಲ್ಲ ನನಗೆ ಅನ್ನು.”

ದೇದೆ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು.

ಉಂಡಾದ ಮೇಲೆ ಕೊಟೆ ದನಿ ತಗ್ಗಿಸಿದ. “ನಿಮ್ಮನೆ ಶೋಧಿಸೋಕೆ ಆಜ್ಞೆ ರೆಡಿಯಾಗ್ತಿದೆ. ಆ ಹಸ್ತಪ್ರತಿ ಸಿಕ್ಕಿದ್ರೆ ಇಬ್ರೂ ಮುಗಿದ್ವಿ.”

ಎದ್ದುಹೋಗಿ ಅದನ್ನು ತಂದೆ. ಅವನೆದುರೇ ಒಲೆಗೆ ಹಾಕಿದೆ. ಅವನು ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತ.

ಶೋಧಿಸಲು ಯಾರೂ ಬರಲಿಲ್ಲ. ಇನ್ನೊಂದು ಪತ್ರ ಬಂತು: ‘ಲೇಖನ ಬರೆದದ್ದು ಸಂಪಾದಕರಾದ ತಾವೇ ಎಂದು ತಮ್ಮ ಬಂಧು ಶ್ರೀ ಕೊಟೆಯವರು ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದಾರೆ. ಬೇರೊಬ್ಬರದೆಂದು ವಾದಿಸುವುದಾದರೆ ಮೂಲ ಹಸ್ತಪ್ರತಿಯನ್ನು ಹಾಜರುಪಡಿಸತಕ್ಕದ್ದು.’

ಅವನ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತ.

“ಅವ್ರಿಗೆ ನನ್ಮೇಲೆ ಅನುಮಾನ ಬಂದಿತ್ತು ಭಾವ. ಏನ್ ಮಾಡ್ಲಿ? ನೀವು ಹೇಗಿದ್ರೂ ಒಳಗೆ ಹೋಗೋರೇ.”

“ಒಂದೇ ಮಾತು ಹೇಳು. ಪ್ರಮಾಣ ಮಾಡಿದ್ದು ಹಬ್ಬದ ಊಟಕ್ಕೆ ಮುಂಚೆನಾ, ಆಮೇಲಾ?”

ನೆಲ ನೋಡಿದ.

“ಮುಂಚೆ.”

ಅಂದರೆ ಆ ಬಟ್ಟಲಿಗೆ ಕೈ ಹಾಕಲು ಬಂದದ್ದೇ ಹಸ್ತಪ್ರತಿ ಸುಡಿಸಲು. ‘ಆಮೇಲೆ’ ಎಂದು ಸುಳ್ಳಾದರೂ ಹೇಳುತ್ತಾನೆ ಅಂದುಕೊಂಡಿದ್ದೆ. ಅಷ್ಟು ಮರ್ಯಾದೆಯನ್ನೂ ಅವನು ಕೊಡಲಿಲ್ಲ.

ಮನೆಗೆ ಬಂದು ಸರ್ಕಾರಕ್ಕೆ ಉತ್ತರ ಬರೆದೆ: ಹಸ್ತಪ್ರತಿ ಇಲ್ಲ. ಆರು ತಿಂಗಳ ಶಿಕ್ಷೆಗೆ ಅಷ್ಟೇ ಸಾಕಾಯಿತು.