ಎರಡೂ ಕಡೆ ಹಿಡಿಯುವ ಫೋನು

ಇನ್ನೂ ಇಳಿಯುವವರಿದ್ದಾರೆ ಎಂದುಕೊಂಡು ಉನಾಯ್ಸಿ ಹಡಗಿನ ಹಲಗೆಯನ್ನೇ ನೋಡುತ್ತ ನಿಂತಳು. ಚಾಪೆಯ ಸುರುಳಿಗಳು ಇಳಿದವು. ಕೊಬ್ಬರಿ ಮೂಟೆಗಳು ಇಳಿದವು. ಕಾಲು ಕಟ್ಟಿದ ಹಂದಿಯೊಂದು ಕಿರುಚುತ್ತ ಇಳಿಯಿತು. ಅಣ್ಣ ಇನೋಕೆ ಆಗಲೇ ಇಳಿದು, ಅವಳಿಂದ ಸಾಕಷ್ಟು ದೂರದಲ್ಲಿ, ಮುಖ ಸಮುದ್ರದ ಕಡೆ ಮಾಡಿ ನಿಂತಿದ್ದ. ಅವನ ಕೈಯಲ್ಲಿ ಯಾವ ಮಗುವಿನ ಕೈಯೂ ಇರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಒಂದು ಗಂಟಿತ್ತು.

ಮಗಳು ತೀತಿ ಎಲ್ಲಿ ಎಂದು ಕೇಳಬೇಕು. ಕೇಳುವಂತಿಲ್ಲ.

ಬುದ್ಧಿ ಬಂದ ಮೇಲೆ ಅಣ್ಣ ತಂಗಿ ಎದುರುಬದುರು ಮಾತಾಡಕೂಡದು. ಅವರ ದ್ವೀಪದ ಮರ್ಯಾದೆ ಅದು. ಸುವಾ ಪಟ್ಟಣಕ್ಕೆ ಬಂದು ಅದನ್ನು ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಉನಾಯ್ಸಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅದನ್ನೇ ಪಾಠ ಮಾಡುತ್ತಾಳೆ. ಬಿಳಿ ಹಲಗೆಯ ಮೇಲೆ ತ್ರಿಕೋನ ಬರೆದರೆ ಗಂಡು, ವೃತ್ತ ಬರೆದರೆ ಹೆಣ್ಣು. ನಡುವೆ ಒಂದು ಅಡ್ಡಗೆರೆ ಎಳೆದರೆ ಮೌನ. ಕಳೆದ ವಾರ ಹುಡುಗಿಯೊಬ್ಬಳು ಕೇಳಿದ್ದಳು: "ಮೇಡಂ, ನೀವು ನಿಮ್ಮ ಅಣ್ಣನ ಹತ್ರ ಮಾತಾಡ್ತೀರಾ?"

"ಇದು ಪರೀಕ್ಷೆಗೆ ಬರಲ್ಲ" ಎಂದಿದ್ದಳು ಉನಾಯ್ಸಿ. ತರಗತಿ ನಕ್ಕಿತ್ತು. ಅವಳೂ ನಕ್ಕಿದ್ದಳು.

ಚಾಪೆ ಹೊತ್ತ ಮುದುಕಿಯೊಬ್ಬಳನ್ನು ತಡೆದು ಕೇಳಿದಳು: "ಅಜ್ಜೀ, ಹಡಗಲ್ಲಿ ಏಳು ವರ್ಷದ ಹುಡುಗಿ ಒಬ್ಬಳು ಬಂದ್ಲಾ? ತಿತಿಲಿಯಾ ಅಂತ."

"ಹಡಗು ತುಂಬ ಹುಡುಗೀರೇ ಕಣಮ್ಮ. ರಾತ್ರಿಯೆಲ್ಲ ವಾಂತಿ."

"ಇನೋಕೆಯವರ ಜೊತೆ?"

ಮುದುಕಿ ಅವಳ ಮುಖ ನೋಡಿದಳು. ಆಮೇಲೆ ಅವಳ ಚಪ್ಪಲಿ ನೋಡಿದಳು. "ಒಳ್ಳೇ ಚಪ್ಪಲಿ" ಎಂದು ನಡೆದುಬಿಟ್ಟಳು.

ಹಡಗು ಹತ್ತಿ ನೋಡಬಹುದಿತ್ತು. ಹಲಗೆ ಅಲ್ಲೇ ಇತ್ತು. ಮೇಲಿನ ಅಟ್ಟದ ಕಂಬಿಗೆ ಯಾವುದೋ ಮಗುವಿನ ಹಳದಿ ಫ್ರಾಕೊಂದನ್ನು ಒಣಹಾಕಿದ್ದರು. ಅದು ಗಾಳಿಗೆ ಉಬ್ಬಿ, ಒಳಗೆ ಯಾರೋ ಇದ್ದಾರೆ ಎನ್ನುವಂತೆ ಒಮ್ಮೆ ತುಂಬಿಕೊಂಡು, ಮತ್ತೆ ಬರಿದಾಯಿತು. ಉನಾಯ್ಸಿ ತಿರುಗಿ ಪೇಟೆಯ ಕಡೆ ನಡೆದಳು. ಹಿಂದೆ ಇನೋಕೆ ಬರುತ್ತಿದ್ದಾನೆ ಎಂದು ಅವನ ಚಪ್ಪಲಿಯ ಸದ್ದಿನಿಂದ ತಿಳಿಯುತ್ತಿತ್ತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು.

ಎಲ್ಲ ಮೊದಲೇ ಮಾತಾಗಿತ್ತು. ಅಣ್ಣ ತಂಗಿಯ ನಡುವೆ ಮಾತು ಸಾಗಿಸುವವಳು ಅತ್ತಿಗೆ ವಸೇವಾ. ಊರಿನ ನರ್ಸಮ್ಮನ ಫೋನಿನಿಂದ ಅವಳು ಮಾತಾಡಿದ್ದಳು.

"ತೀತೀನ ಈ ಹಡಗಲ್ಲೇ ಕಳಿಸಿ ಅತ್ತಿಗೆ. ರಜೆ ಮುಗಿಯೋದ್ರೊಳಗೆ ಇಲ್ಲಿ ಶಾಲೆಗೆ ಸೇರಿಸ್ತೀನಿ."

"ಆಗಲಿ."

"ಎರಡು ವರ್ಷ ಆಯ್ತು. ಶಾಲೆಯ ಒಂದೇ ಅವಧಿಗೆ ಅಂತ ನಿಮ್ಮ ಹತ್ರ ಬಿಟ್ಟಿದ್ದು."

"ಹೂಂ, ಆಗಲಿ. ಇವರಿಗೊಂದು ಫೋನು ಬೇಕಂತಮ್ಮ. ಯಾವ ಕಂಪನಿ ಸಿಮ್ ಹಾಕಿದ್ರೂ ನಡೆಯೋದು."

"ಆಗಲಿ" ಎಂದಿದ್ದಳು ಉನಾಯ್ಸಿ.

ಆ ದ್ವೀಪದಲ್ಲಿ ಯಾರೂ ಯಾರಿಗೂ ಇಲ್ಲ ಎನ್ನುವುದಿಲ್ಲ. ಹೋದ ವರ್ಷ ಅವಳು ಕಳಿಸಿದ ಫೋನು ಒಂದೇ ಕಂಪನಿಗೆ ಬೀಗ ಹಾಕಿದ್ದು. ಆ ಕಂಪನಿಯ ಗೋಪುರ ಆ ದ್ವೀಪದಲ್ಲೇ ಇರಲಿಲ್ಲ. ಬಹಳ ಚೆನ್ನಾಗಿದೆ ಎಂದು ಹೇಳಿಕಳಿಸಿದ್ದರು. ಅಜ್ಜನ ಫೋಟೋದ ಪಕ್ಕದಲ್ಲಿ ಅದನ್ನು ನಿಲ್ಲಿಸಿ, ಕೆಳಗೊಂದು ಕಸೂತಿ ಬಟ್ಟೆ ಹಾಸಿದ್ದರಂತೆ. ಅದು ಒಮ್ಮೆಯೂ ಮಾತಾಡಿಲ್ಲ ಎಂಬುದು ಅವಳಿಗೆ ತಿಂಗಳುಗಳ ಮೇಲೆ ಬೇರೆಯವರಿಂದ ಗೊತ್ತಾಯಿತು. ಅಲ್ಲಿಯತನಕ ಪ್ರತಿ ಭಾನುವಾರ ಅವಳು ಆ ಸಂಖ್ಯೆಗೆ ತೀತಿಗಾಗಿ ಹಾಡು, ಕಥೆ, ಮುತ್ತಿನ ಸದ್ದು ಕಳಿಸುತ್ತಲೇ ಇದ್ದಳು. ತಲುಪಲಿಲ್ಲವೆಂದು ಗೊತ್ತಾದಾಗ ಅತ್ತಳು. ಅತ್ತ ಮೇಲೆ, ಭಾನುವಾರಗಳು ಇನ್ನು ಬಿಡುವಾದವು ಎಂಬ ಯೋಚನೆಯೂ ಒಮ್ಮೆ ಬಂದುಹೋಗಿತ್ತು.

ಫೋನಿನ ಅಂಗಡಿಯ ಶಲೆನ್ ಇಬ್ಬರನ್ನೂ ಒಂದೇ ನೋಟದಲ್ಲಿ ಅಳೆದ. ಅವನ ತಾತನ ಕಾಲದಿಂದ ಅವರ ಅಂಗಡಿ ಇದೇ ಬೀದಿಯಲ್ಲಿತ್ತು. ಒಬ್ಬಳು ಗಾಜಿನ ಕಟ್ಟೆಯ ಈ ತುದಿ, ಒಬ್ಬ ಆ ತುದಿ ಹಿಡಿದು ನಿಂತರೆ ಏನರ್ಥ ಎಂದು ಯಾರೂ ಅವನಿಗೆ ಹೇಳಿಕೊಡಬೇಕಿರಲಿಲ್ಲ.

"ಬನ್ನಿ ಮೇಡಂ. ಬಾ ಭಾವಾ, ಬಾ. ಇವತ್ತು ನಾನೇ ಟವರ್ ಆಗ್ಬೇಕು ಅಂತ ಕಾಣತ್ತೆ. ಹೇಳಿ, ಯಾರದ್ದು ಮೊದಲು?"

"ಅವರಿಗೆ ಒಂದು ಫೋನು" ಎಂದಳು ಉನಾಯ್ಸಿ, ಚಾರ್ಜರುಗಳನ್ನು ನೋಡುತ್ತ. "ಬೀಗ ಇಲ್ಲದ್ದು."

"ಸರಿ ಮಾಡಿದ್ರಿ. ಕಂಪನಿಯವರು ಕೊಡೋದು ಅಗ್ಗ. ಆದ್ರೆ ಅದು ಪತಿವ್ರತೆ ಮೇಡಂ, ಒಂದೇ ಮನೆ. ಇದು ನೋಡಿ, ಎಲ್ಲಿ ಬಿಟ್ರೂ ಬಾಳತ್ತೆ."

ಗಂಡನನ್ನು ಬಿಟ್ಟು ಮೂರನೆಯ ವರ್ಷ. ಉನಾಯ್ಸಿ ನಗಲಿಲ್ಲ. ಇನೋಕೆ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದ.

"ಭಾವಾ, ನಿಮ್ಮ ಕಡೆ ಯಾವ ಕಂಪನಿ ಹಿಡಿಯತ್ತೆ?"

"ಮನೆ ಹತ್ರ ಹೊಸ ಗೋಪುರ ಬಂದಿದೆ, ಕೆಂಪು ಕಂಪನೀದು" ಎಂದ ಇನೋಕೆ ಫ್ಯಾನಿಗೆ. ಅವನ ಧ್ವನಿ ತಮ್ಮ ತಂದೆಯ ಧ್ವನಿಯೇ ಆಗಿಬಿಟ್ಟಿದೆ ಎಂದು ಉನಾಯ್ಸಿಗೆ ಅನ್ನಿಸಿತು. "ಗುಡ್ಡದ ಆಚೆ ನೀಲಿ ಕಂಪನೀದು. ಎರಡೂ ಕಡೆ ಹಿಡೀಬೇಕು."

"ಆಚೆ ಏನಿದೆ? ಇನ್ನೊಂದು ಸಂಸಾರ ಇಟ್ಟಿದ್ಯಾ?"

"ಶಾಲೆ."

"ಯಾರ ಶಾಲೆ?"

ಇನೋಕೆ ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಮಗೂದು. ಮುಂದಿನ ಅವಧಿಯಿಂದ ಅಲ್ಲೇ ಹಾಸ್ಟೆಲು. ಬೆಳಿಗ್ಗೆ ಸಂಜೆ ಮಾತಾಡಿಸ್ಬೇಕಲ್ಲ. ರಾತ್ರಿ ಹೆದರ್ಕೋತಾಳೆ."

ಶಲೆನ್ ಈ ತುದಿಗೆ ಬಂದ. "ಮಗೂ ಶಾಲೇಲಿ ಹಿಡೀಬೇಕಂತೆ ಮೇಡಂ. ಮುಂದಿನ ಅವಧಿಯಿಂದ."

"ಕೇಳಿಸ್ತು" ಎಂದಳು ಉನಾಯ್ಸಿ.

ಅಂದರೆ ತೀತಿ ಬರುವುದಿಲ್ಲ.

ಮನೆಯಲ್ಲಿ ಚಿಕ್ಕ ಮಂಚವಿತ್ತು. ಆಮೆಗಳ ಚಿತ್ರದ ಹೊದಿಕೆಯನ್ನು ಅವಳು ತಂದು, ಒಗೆದು, ಮಡಿಸಿ ಇಟ್ಟಿದ್ದಳು. ಹೊಸ ಹಲ್ಲುಜ್ಜುವ ಬ್ರಷ್ಷು ತನ್ನದರ ಪಕ್ಕದಲ್ಲಿ, ಒಂದೇ ಲೋಟದಲ್ಲಿ. ತೀತಿ ಮೊದಲೆಲ್ಲ ಅಮ್ಮನ ಕಿವಿಯ ಹಾಲೆ ಹಿಡಿದುಕೊಳ್ಳದೆ ನಿದ್ದೆ ಮಾಡುತ್ತಿರಲಿಲ್ಲ. ನಿದ್ದೆ ಬಂದ ಮೇಲೂ ಬಿಡುತ್ತಿರಲಿಲ್ಲ, ಬಿಡಿಸಿಕೊಂಡರೆ ಎಚ್ಚರವಾಗುತ್ತಿತ್ತು. ಆ ಭಂಗಿಯಲ್ಲೇ, ಒಂದು ಕೈಯಲ್ಲಿ ಪುಸ್ತಕ ಹಿಡಿದು, ಉನಾಯ್ಸಿ ಎಷ್ಟೋ ರಾತ್ರಿ ಓದಿದ್ದಳು. ಈಗ ಯಾರ ಕಿವಿ ಹಿಡಿದು ಮಲಗುತ್ತಾಳೆ?

ಕೇಳಬೇಕು. "ಬೇಡ, ಮಗಳನ್ನು ನನಗೆ ಕೊಡಿ" ಎಂದು ಶಲೆನ್‌ಗೆ ಹೇಳಿದರೆ ಸಾಕು. ಅವನು ಆ ತುದಿಗೆ ಮುಟ್ಟಿಸುತ್ತಾನೆ. ಫೋನು ಮಾರುವವನ ಬಾಯಲ್ಲಿ ಆ ಮಾತು ಹೇಗಿರುತ್ತದೆ ಎಂದು ಅವಳು ಕಲ್ಪಿಸಿಕೊಂಡಳು. ಸ್ವಲ್ಪ ಹೊತ್ತು ಅದೇ ಕಲ್ಪನೆಯಲ್ಲಿ ಕಳೆಯಿತು.

"ಟೆಸ್ಟ್ ಮಾಡಿಬಿಡೋಣ" ಎಂದ ಶಲೆನ್. ಎರಡೂ ಸಿಮ್ಮು ಹಾಕಿ ಫೋನನ್ನು ಇನೋಕೆಯ ಕೈಗಿಟ್ಟ. "ಮೇಡಂ ನಂಬರಿಗೆ ಮಾಡು ಭಾವಾ. ಮಾತಾಡ್ಬೇಡ, ಗೊತ್ತು. ರಿಂಗಾದ್ರೆ ಸಾಕು."

ಉನಾಯ್ಸಿಯ ಚೀಲದಲ್ಲಿ ಫೋನು ಹಾಡಿತು. ಎತ್ತಿದಳು. ಎತ್ತಬೇಕಾಗಿರಲಿಲ್ಲ.

"ಹಲೋ."

ಕಟ್ಟೆಯ ಆ ತುದಿಯಲ್ಲಿ, ಇನೋಕೆಯ ಅಂಗೈಯೊಳಗಿಂದ, ಸ್ವಲ್ಪ ತಡವಾಗಿ ಅವಳದೇ ಧ್ವನಿ "ಹಲೋ" ಎಂದಿತು. ಪರಿಚಯವಿಲ್ಲದ, ಬಹಳ ವಿನಯದ ಧ್ವನಿ. ಯಾರನ್ನೋ ಯಾವಾಗಲೂ ಕಾಯಿಸುತ್ತಿರುವವಳ ಧ್ವನಿ. ಅವಳ ಕಿವಿಯಲ್ಲಿ ಇನೋಕೆಯ ಉಸಿರು ಬಂತು. ಉಸಿರು ಏನೋ ಹೇಳಲು ಒಮ್ಮೆ ನಿಂತು, ಮತ್ತೆ ಹೊರಟಿತು. ಇಷ್ಟು ಹತ್ತಿರದಿಂದ ಅಣ್ಣನನ್ನು ಅವಳು ಮಗುವಾಗಿದ್ದಾಗ ಮಾತ್ರ ಕೇಳಿದ್ದಳು.

"ನಡೀತು ನಡೀತು! ಕಟ್ ಮಾಡಿ, ದುಡ್ಡು ಓಡ್ತಿದೆ" ಎಂದ ಶಲೆನ್.

ಅವನು ಡಬ್ಬಿ, ತಂತಿ, ಗಾಜಿನ ಹಾಳೆ ಎಲ್ಲ ತಂದು ಕಟ್ಟೆಯ ಮೇಲೆ ಹರಡಿದ. ಇನೋಕೆ ಸುತ್ತ ನೋಡಿದ. ತಮ್ಮವರು ಯಾರಾದರೂ ಹಿರಿಯರು, ತನ್ನ ಪರವಾಗಿ ಮಾತಾಡಬಲ್ಲವರು, ಬೀದಿಯಲ್ಲಿ ಹಾದುಹೋಗುತ್ತಾರೋ ಎಂದು ಬಾಗಿಲ ಕಡೆ ಬಹಳ ಹೊತ್ತು ನೋಡಿದ. ಯಾರೂ ಬರಲಿಲ್ಲ. ಆಗ ತನ್ನ ಗಂಟನ್ನು ಎರಡೂ ಕೈಯಿಂದ ಕಟ್ಟೆಯ ನಡುವೆ ಇಟ್ಟು, ಬಟ್ಟೆಯ ತುದಿ ಸರಿಸಿ, ಹಿಂದೆ ಸರಿದು, ತಲೆ ತಗ್ಗಿಸಿ ನಿಂತ.

"ಇದ್ಯಾಕೆ ಇಲ್ಲಿ? ಮೇಡಂ, ಸ್ವಲ್ಪ ಇದನ್ನ ತೆಗೀರಿ. ಕಟ್ಟೆ ಗಾಜು ಹೊಸದು."

ಉನಾಯ್ಸಿ ಎರಡೂ ಕೈಯಿಂದ ಅದನ್ನು ಎತ್ತಿಕೊಂಡಳು.

ಎತ್ತಿದ ಮೇಲೆ ನೋಡಿದಳು. ಹಳದಿಗಟ್ಟಿದ, ಎಣ್ಣೆ ತಿಂದು ಹೊಳೆಯುವ ತಿಮಿಂಗಿಲದ ಹಲ್ಲು. ಎರಡೂ ತುದಿಗೆ ತೆಂಗಿನ ನಾರಿನ ಹೆಣಿಗೆಯ ದಾರ. ಹೆಣ್ಣು ಕೇಳುವಾಗ, ಕ್ಷಮೆ ಕೇಳುವಾಗ, ಒಬ್ಬರ ಮಗುವನ್ನು ತಮ್ಮ ಮಗುವೆಂದು ಕೇಳುವಾಗ ಮುಂದಿಡುವ ಹಲ್ಲು. ಇಟ್ಟಲ್ಲೇ ಬಿಟ್ಟರೆ ಇಲ್ಲವೆಂದು ಅರ್ಥ. ಕೈಗೆ ತೆಗೆದುಕೊಂಡರೆ ಕೊಟ್ಟಂತೆ. ಪ್ರತಿ ವರ್ಷ ಎರಡನೆಯ ಅವಧಿಯಲ್ಲಿ ಅವಳೇ ಇದನ್ನು ಕಲಿಸುತ್ತಾಳೆ. ಇದು ಪರೀಕ್ಷೆಗೂ ಬರುತ್ತದೆ.

ಕಟ್ಟೆಯ ಆ ತುದಿಯಲ್ಲಿ ಇನೋಕೆ ಅಂಗೈಗಳನ್ನು ಬೊಗಸೆ ಮಾಡಿ ಚಪ್ಪಾಳೆ ತಟ್ಟಿದ. ನಿಧಾನ, ಟೊಳ್ಳು, ಬಾವಿಯೊಳಗೆ ಕಲ್ಲು ಬಿದ್ದ ಹಾಗೆ. ಮೂರು ಸಲ. ಒಪ್ಪಿದ್ದಕ್ಕೆ ಕೃತಜ್ಞತೆ. ಅವನ ಕಣ್ಣಿನಿಂದ ನೀರಿಳಿಯುತ್ತಿತ್ತು.

"ಏನಾಯ್ತು?" ಎಂದ ಶಲೆನ್. ಈ ಬಾರಿ ಅವನ ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ಅಕ್ಕಾ, ಏನಾಯ್ತು? ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ. ಬಿಲ್ ಹಾಕಿ."

ಇದು ಲೆಕ್ಕಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಿರಿಯರಿಲ್ಲ, ಮಾತಿಲ್ಲ, ಚಾಪೆ ಹಾಸಿಲ್ಲ. ಅಂಗಡಿಯವನು ಗಾಜಿನ ಚಿಂತೆಗೆ ತೆಗೆಯಿರಿ ಎಂದ, ತೆಗೆದಳು. ಈಗಲೂ ತಿರುಗಿ ಕಟ್ಟೆಯ ಮೇಲಿಡಬಹುದು. ಹಲ್ಲು ಭಾರವಾಗಿತ್ತು. ಆದರೆ ಅದನ್ನು ಎತ್ತಿದ ಕ್ಷಣದಲ್ಲಿ ಎದೆಯೊಳಗೆ ಏನೋ ಹಗುರವಾದದ್ದನ್ನು ಅವಳು ಗಮನಿಸಿದ್ದಳು. ಬಹಳ ದಿನದಿಂದ ಹೊತ್ತದ್ದನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡ ಹಾಗೆ. ಅವಳಿಗೆ ಹೆದರಿಕೆಯಾದದ್ದು ಆ ಹಗುರಕ್ಕೆ. ಗೊತ್ತಿಲ್ಲದೆ ಎತ್ತಿದೆ ಎಂದು ಅವಳು ಹೇಳಿಕೊಂಡಳು. ಕೈಗಳು ಆ ಮಾತಿಗೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಇನೋಕೆ ಫೋನಿನ ಡಬ್ಬಿಯನ್ನು ಎದೆಗವಚಿಕೊಂಡು ಹೊರಟ. ಬಾಗಿಲಲ್ಲಿ ನಿಂತು ಶಲೆನ್‌ಗೆ ಹೇಳಿದ: "ಅವರು ಸೊರಗಿದ್ದಾರೆ. ಚೆನ್ನಾಗಿ ಊಟ ಮಾಡ್ಬೇಕು ಅಂತ ಹೇಳು."

ಅವನು ಹೋದ ಮೇಲೆ ಶಲೆನ್ ಅದನ್ನು ಒಂದಕ್ಷರ ಬಿಡದೆ ಹೇಳಿದ.

ಮನೆಗೆ ಬಂದು ಅವಳು ಕೆಲಸ ಮಾಡಿದಳು. ಮರಗೆಣಸು ಬೇಯಿಸಿದಳು. ಒಬ್ಬಳಿಗೆ ಹೆಚ್ಚಾಯಿತು. ಉತ್ತರಪತ್ರಿಕೆಗಳನ್ನು ತೆರೆದು ಮುಚ್ಚಿದಳು. ಆಮೆಯ ಹೊದಿಕೆಯನ್ನು ಬಿಚ್ಚಿ ಹಾಸಿ, ಸುಕ್ಕು ತೆಗೆದು, ಮತ್ತೆ ಮಡಿಸಿದಳು. ಲೋಟದಲ್ಲಿ ಎರಡು ಬ್ರಷ್ಷುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು.

ಹಲ್ಲನ್ನು ಎಲ್ಲಿಡುವುದು ಎಂದು ತಿಳಿಯಲಿಲ್ಲ. ಪುಸ್ತಕಗಳ ಮೇಲೆ ಇಟ್ಟಳು. ಪಾಠದ ಮಾದರಿಯಂತೆ ಕಂಡಿತು. ಮಂಚದ ಮೇಲೆ ಇಟ್ಟಳು. ದಿಂಬಿನ ಮೇಲೆ ಅದು ಬಾಗಿ ಮಲಗಿದ ರೀತಿ ನೋಡಲಾಗಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಜಗಲಿಗೆ ಬಂದಳು. ಕೆಳಗೆ ಕೊಲ್ಲಿ. ಹೊತ್ತು ಮುಳುಗುತ್ತಿತ್ತು. ಹಡಗು ಹೊರಟು, ಹವಳದ ದಿಬ್ಬದ ನಡುವಿನ ದಾರಿಯ ಕಡೆ ತಿರುಗುತ್ತಿತ್ತು.

ಫೋನು ಹಾಡಿತು. ಇನೋಕೆಯ ಸಂಖ್ಯೆ.

ಅವನು ಮಾತಾಡುವುದಿಲ್ಲ. ಆದರೂ ಕರೆದಿದ್ದಾನೆ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಇಂಜಿನ್ನಿನ ಗುಡುಗು. ಗಾಳಿ. ಯಾರೋ ದೂರದಲ್ಲಿ ನಕ್ಕರು. ಆಮೇಲೆ, ಬಹಳ ಹತ್ತಿರದಲ್ಲಿ, ಬೊಗಸೆಯ ಚಪ್ಪಾಳೆ. ಒಂದು. ಎರಡು. ಮೂರು.

ಮುಗಿಯಿತು ಎಂದುಕೊಂಡಳು.

ಅದರ ಬೆನ್ನಿಗೇ ಇನ್ನೊಂದು ಚಪ್ಪಾಳೆ ಬಂತು. ಚಿಕ್ಕದು, ಚಪ್ಪಟೆಯಾದದ್ದು. ಅಂಗೈಯನ್ನು ಬೊಗಸೆ ಮಾಡುವುದು ಇನ್ನೂ ಬಾರದ ಕೈಯದು.

"ತೀತೀ?"

ಹಳದಿ ಫ್ರಾಕು ಉಬ್ಬಿ, ತುಂಬಿಕೊಂಡದ್ದು ನೆನಪಾಯಿತು. ತಾನು ಇಲ್ಲವೆಂದಿದ್ದರೆ ಮಗುವನ್ನು ಕೊಟ್ಟೇ ಹೋಗೋಣವೆಂದು ಇನೋಕೆ ಜೊತೆಗೇ ಕರೆತಂದಿದ್ದನೇ? ಹಲ್ಲನ್ನು ಕಟ್ಟೆಯ ಮೇಲೇ ಬಿಟ್ಟಿದ್ದರೆ? ಅಥವಾ ಅದು ಹಡಗಿನಲ್ಲಿದ್ದ ಯಾವುದೋ ಮಗುವೋ, ಕಂಬಿಗೆ ಬಡಿದ ಹಗ್ಗವೋ?

"ತೀತೀ, ಅಮ್ಮ ಕಣೇ. ಮಾತಾಡು."

ಅವಳ ಮಾತು ಸ್ವಲ್ಪ ತಡವಾಗಿ, ಬಹಳ ವಿನಯದಿಂದ, ಅಲ್ಲೆಲ್ಲಿಂದಲೋ ಅವಳಿಗೇ ತಿರುಗಿ ಬಂತು. ಆಮೇಲೆ ಅದೂ ನಿಂತಿತು. ಇಂಜಿನ್ನಿನ ಸದ್ದೂ ಇಲ್ಲ. ಹಡಗು ದಿಬ್ಬ ದಾಟಿತ್ತು. ಅಲ್ಲಿಂದಾಚೆ ಕೆಂಪು ಕಂಪನಿಯೂ ಇಲ್ಲ, ನೀಲಿಯೂ ಇಲ್ಲ.

ಫೋನನ್ನು ಅವಳು ಇಳಿಸಲಿಲ್ಲ. ಬಿಸಿಯೇರಿದ ಗಾಜು ಕಿವಿಯ ಹಾಲೆಗೆ ಅಂಟಿಕೊಂಡಿತ್ತು, ನಿದ್ದೆ ಬಂದ ಮೇಲೂ ಬಿಡದ ಬೆರಳುಗಳ ಹಾಗೆ. ಕೆಳಗೆ ಹಡಗಿನ ದೀಪ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿತ್ತು. ಏನಾದರೂ ಸನ್ನೆ ಮಾಡಬೇಕು, ಕೈಯೆತ್ತಿ ಬೀಸಬೇಕು, ಬಾ ಎನ್ನಬೇಕು ಅನ್ನಿಸಿತು. ಒಂದು ಕೈಯಲ್ಲಿ ಫೋನಿತ್ತು. ಇನ್ನೊಂದರಲ್ಲಿ ಹಲ್ಲು. ಕತ್ತಲೆ ಏರುತ್ತ ಬಂದ ಹಾಗೆ ಅವೆರಡರಲ್ಲಿ ಯಾವುದನ್ನು ಕೆಳಗಿಡುವುದು ಎಂದು ಯೋಚಿಸುತ್ತ ಅವಳು ಹಾಗೇ ನಿಂತಿದ್ದಳು.