ಒನಕೆ ಹಿಡಿದವಳ ಹಾಡು

ಮಲಾವಿ ಸರೋವರದ ದಂಡೆಯ ಆ ಊರಿನಲ್ಲಿ, ಒನಕೆ ಕೈಯಲ್ಲಿದ್ದಾಗ ಹೆಂಗಸು ಏನು ಹಾಡಿದರೂ ತಪ್ಪಿಲ್ಲ. ಅತ್ತೆಯನ್ನು ಜರೆಯಬಹುದು, ಗಂಡನ ಮಾನ ಕಳೆಯಬಹುದು, ಊರ ಮುಖ್ಯಸ್ಥನನ್ನೂ ಬಿಡಬೇಕಿಲ್ಲ. ಕೇಳಿದವರು ಕೇಳದವರಂತೆ ಹೋಗಬೇಕು. ಗಂಡಸರು ಈ ಒಂದು ವಿಷಯದಲ್ಲಿ ಮಾತ್ರ ಮರ್ಯಾದಸ್ಥರು.

ಆಳುವ ಪಕ್ಷದ ಸದಸ್ಯತ್ವದ ಕಾರ್ಡು ಕೊಳ್ಳಲಿಲ್ಲವೆಂದು ಬಿತ್ವೆಲ್‌ನನ್ನು ಮೀನುಸಂತೆಯಿಂದಲೇ ಎಳೆದೊಯ್ದರು. ಪುಟ್ಟ ಮಗಳೊಂದಿಗೆ ಉಳಿದ ಅವನ ಹೆಂಡತಿ ನಾಸಿಬೆಕೊ ನ್ಸಿಮ ಮುದ್ದೆಗೆ ಮೆಕ್ಕೆಜೋಳ ಕುಟ್ಟುತ್ತ ದೇಶದ ಅಧ್ಯಕ್ಷರನ್ನೇ ಕೇಳುವ ಒಂದು ಹಾಡು ಕಟ್ಟಿದಳು: "ಅಧ್ಯಕ್ಷರೇ, ನಿಮ್ಮ ಮನೆ ದೊಡ್ಡದು, ನನ್ನ ಗಂಡನನ್ನು ಯಾವ ಕೋಣೆಯಲ್ಲಿಟ್ಟಿರಿ?" ಎಂಟು ತಿಂಗಳು ಅದನ್ನೇ ಹಾಡಿದಳು. ಪಕ್ಷದವರು ಅಂಗಳದ ಮುಂದೆಯೇ ಓಡಾಡಿದರೂ ಯಾರೂ ಅವಳ ತಂಟೆಗೆ ಬರಲಿಲ್ಲ. ಅದೇ ಅವಳನ್ನು ಕೆಡಿಸಿತು. ಒನಕೆ ಎಲ್ಲ ಕಡೆಯೂ ಕಾಯುತ್ತದೆಂದು ನಂಬಿಬಿಟ್ಟಳು, ಪಾಪ.

ಅಧ್ಯಕ್ಷರು ಬರುತ್ತಾರೆಂಬ ಸುದ್ದಿಯಾದಾಗ ಪಕ್ಷದ ಮಹಿಳಾ ಮುಖಂಡೆ ಕಲುವಾ ಬಂದಳು, ಬಗಲಲ್ಲಿ ಅವರ ಮುಖ ಅಚ್ಚಾದ ಬಟ್ಟೆಯ ಗಂಟು.

"ನಿನ್ ಹಾಡಿನ್ ಧಾಟಿ ಚೆನ್ನಾಗಿದೆ ಕಣೇ, ಮೈದಾನದಲ್ಲಿ ಅಧ್ಯಕ್ಷರ ಮುಂದೆ ಹೆಂಗಸ್ರು ಕುಣಿಯೋಕೆ ಹೇಳಿ ಮಾಡಿಸ್ದಂಗಿದೆ. ಮಾತು ಮಾತ್ರ ಬದಲಾಯಿಸಿದೀವಿ. 'ನಿಮ್ಮ ಮನೆ ದೊಡ್ಡದು, ನಮಗೆಲ್ಲ ಜಾಗ ಕೊಟ್ರಿ.' ಮುಂದೆ ನಿಂತು ನೀನೇ ಎತ್ಕೊಡ್ಬೇಕು."

"ಒನಕೆ ತರ್ಬಹುದಾ ಅಮ್ಮಾರೇ?"

"ತಾರೇ. ನೋಡೋಕೂ ಚಂದ."

ತಿಂಗಳಿಡೀ ತಾಲೀಮು ನಡೆಯಿತು. ನೆರೆಮನೆಯ ಎಲಿಫಜ್ಜಿಗೆ ಇವಳ ಮುಖ ನೋಡಿಯೇ ಮನಸ್ಸಿನಲ್ಲಿದ್ದುದರ ವಾಸನೆ ಹತ್ತಿತು.

"ಅದು ಮೈದಾನ ಕಣೇ, ಅಂಗಳ ಅಲ್ಲ. ಅವ್ರು ಹೇಳಿದ್ದು ಹಾಡಿ ಬಾ."

"ಒನಕೆ ಇರುತ್ತಲ್ಲಜ್ಜಿ. ಅವ್ರೇ ಒಪ್ಕೊಂಡಿದಾರೆ. ಒಂದೇ ಒಂದ್ ಸಲ ನನ್ ಮಾತು ಆ ಮನುಷ್ಯನ ಕಿವಿಗೆ ಬೀಳ್ಲಿ."

ಮೈದಾನದಲ್ಲಿ ಇನ್ನೂರು ಹೆಂಗಸರು. ಹತ್ತೇ ಮಾರು ದೂರದಲ್ಲಿ ಅಧ್ಯಕ್ಷರು. ನಾಸಿಬೆಕೊ ಒನಕೆಯನ್ನು ನೆಲಕ್ಕೆ ಕುಟ್ಟಿ, "ನಿಮ್ಮ ಮನೆ ದೊಡ್ಡದು" ಎಂದು ಎತ್ತಿಕೊಟ್ಟಳು. "ನನ್ನ ಗಂಡನನ್ನು" ಎನ್ನುವಷ್ಟರಲ್ಲಿ ಹಿಂದಿನಿಂದ ಎಲಿಫಜ್ಜಿ ಗಂಟಲು ಹರಿಯುವಂತೆ "ನಮಗೆಲ್ಲ ಜಾಗ ಕೊಟ್ಟಿರಿ" ಎಂದಳು. ಇನ್ನೂರು ಜನವೂ ಎತ್ತಿಕೊಂಡರು. ಮೂರು ಸಲ ಅವಳು ತನ್ನ ಮಾತು ಹಾಡಿದಳು, ಮೂರು ಸಲವೂ ಅವರು ಮುಳುಗಿಸಿದರು. ಅಧ್ಯಕ್ಷರು ನಕ್ಕು, ಕೈಬೀಸಿ, ಕಾರು ಹತ್ತಿದರು.

ವಾಪಸು ಬರುವ ಲಾರಿಯಲ್ಲಿ ಅವಳು ಕೇಳಿದ್ದು ಒಂದೇ ಮಾತು.

"ಯಾಕಜ್ಜಿ?"

"ಅಪ್ಪ ಅಂತೂ ಹೋದ. ಆ ಮಗೂಗೆ ನೀನಾದ್ರೂ ಉಳಿಬೇಡ್ವೇನೇ?" ಮುದುಕಿ ಅಳುತ್ತಿದ್ದಳು.

ಮರುದಿನ ಬೆಳಿಗ್ಗೆ ಒರಳಿಗೆ ಜೋಳ ಸುರಿದು ಒನಕೆ ಎತ್ತಿದಳು. ಅಕ್ಕಪಕ್ಕದ ಅಂಗಳಗಳಲ್ಲೂ ಅದೇ ಧಾಟಿ ಏಳುತ್ತಿತ್ತು, ಪಕ್ಷದವರ ಮಾತಿನೊಂದಿಗೆ. ಇವಳು ದನಿ ತಗ್ಗಿಸಿ, "ನನ್ನ ಗಂಡನನ್ನು ಯಾವ ಕೋಣೆಯಲ್ಲಿಟ್ಟಿರಿ" ಎಂದಳು. ಕಾಲ ಬಳಿ ನುಚ್ಚು ಆರಿಸುತ್ತಿದ್ದ ನಾಲ್ಕು ವರ್ಷದ ಮಗಳು ತಲೆಯೆತ್ತಿದಳು.

"ಹಂಗಲ್ಲಮ್ಮಾ, ತಪ್ಪು ಹಾಡ್ತಿದೀಯ. ನಮಗೆಲ್ಲ ಜಾಗ ಕೊಟ್ರಿ. ಹೇಳು."

ನಾಸಿಬೆಕೊ ಒನಕೆ ಎತ್ತಿದಳು. ಮಗಳು ಹೇಳಿಕೊಟ್ಟ ಹಾಗೆಯೇ ಹಾಡಿದಳು.