ಗುರುತು ಹೇಳಬೇಕಾದವರು

ಚುನಾವಣಾ ಡ್ಯೂಟಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಕ್ಕಳಿಗೆ ಗಣಿತ ಹೇಳಿಕೊಂಡು ತನ್ನ ಪಾಡಿಗೆ ತಾನಿರುವ ಮೇಷ್ಟರನ್ನು ಹಿಡಿದು ಮತಗಟ್ಟೆಯ ಅಧಿಕಾರಿ ಮಾಡಿ, ಸೊಳ್ಳೆ ಕಚ್ಚುವ ಕೋಣೆಯಲ್ಲಿ ಮಲಗಿಸಿ, ಎಡವಟ್ಟಾದರೆ ನಿಮ್ಮದೇ ತಲೆದಂಡ ಎಂದು ಹೇಳಿ ಹೋಗುತ್ತಾರೆ. ಈ ಸಲ ನನ್ನ ಪಾಲಿಗೆ ಬಂದದ್ದು ಸುದ್ದಗುಂಟೆಪಾಳ್ಯದ ಒಂದು ಶಾಲೆ. ವಾರಾಂತ್ಯಕ್ಕೆ ಅಂಟಿಕೊಂಡು ರಜೆ ಬಂದದ್ದರಿಂದ ಬಿಟಿಎಂ ಬಡಾವಣೆ ಕಡೆಯ ಫ್ಲಾಟಿನವರಲ್ಲಿ ಹೆಚ್ಚಿನವರು ಊರಲ್ಲಿರಲಿಲ್ಲ. ಸಾಲಿನಲ್ಲಿ ನಿಂತವರು ಹಳೇ ಪಾಳ್ಯದವರು.

ಒಳಗೆ ಇಬ್ಬರು ಪಾರ್ಟಿ ಏಜೆಂಟರು ಕೂತಿದ್ದರು. ವೋಟು ಹಾಕಲು ಬಂದವರು ನಿಜಕ್ಕೂ ಅವರೇ ಹೌದೋ ಅಲ್ಲವೋ ನೋಡುವುದು ಏಜೆಂಟರ ಕೆಲಸ. ಒಬ್ಬ ರಘು, ಈಚೆಗೆ ಬಾಡಿಗೆಗೆ ಬಂದವನು, ಪಕ್ಕದ ಮನೆಯವರ ಪರಿಚಯವೂ ಇಲ್ಲ. ಫೋನನ್ನು ಹೊರಗಿಟ್ಟು ಬಂದ ದುಃಖಕ್ಕೆ ಆಕಳಿಸುತ್ತ ಕೂತಿದ್ದ. ಇನ್ನೊಬ್ಬರು ಚಿಕ್ಕಬೈರಪ್ಪ. ಅಪ್ಪನ ರಾಗಿ ಹೊಲವನ್ನು ಸೈಟು ಮಾಡಿ ಮಾರಿ, ಮಿಕ್ಕಿದ ಜಾಗದಲ್ಲಿ ಕಟ್ಟಡ ಎಬ್ಬಿಸಿ, ಬಾಡಿಗೆಯಲ್ಲಿ ಆರಾಮಾಗಿರುವ ಯಜಮಾನರು.

"ಸಾರ್, ಈ ಪಾಳ್ಯದಲ್ಲಿ ನಾನು ಗುರ್ತು ಹಿಡೀದೆ ಇರೋ ಮುಖ ಇನ್ನೂ ಹುಟ್ಟಿಲ್ಲ" ಎಂದು ಬೆಳಗ್ಗೆಯೇ ಕೊಚ್ಚಿಕೊಂಡಿದ್ದರು. ಸುಳ್ಳೇನಲ್ಲ. ಬಂದ ಒಬ್ಬೊಬ್ಬರ ಮಂಡಿನೋವು, ಮೊಮ್ಮಗಳ ಮದುವೆ, ಎಲ್ಲವನ್ನೂ ವಿಚಾರಿಸುತ್ತಿದ್ದರು. ಇದು ಮತಗಟ್ಟೆ, ನಾಮಕರಣವಲ್ಲ ಎಂದು ನಾನೇ ಗದರಬೇಕಾಯಿತು.

ಬಿಸಿಲೇರಿದ ಮೇಲೆ ತಲೆ ತುಂಬ ಸೆರಗು ಹೊದ್ದ ಒಬ್ಬ ಹೆಂಗಸು ಬಂದು ವೋಟರ್ ಕಾರ್ಡ್ ಕೊಟ್ಟರು. ಗುರುತಿನ ಚೀಟಿ ನೋಡಲು ಕೂತಿದ್ದ ದಿವ್ಯ ಕಾರ್ಡನ್ನೊಮ್ಮೆ ಆಕೆಯನ್ನೊಮ್ಮೆ ನೋಡಿದಳು. ಹೆಸರು ಸೊಣ್ಣಮ್ಮ ಎಂದಿತ್ತು. ಫೋಟೋದಲ್ಲಿದ್ದದ್ದು ದೊಡ್ಡ ತುರುಬಿನ, ತುಂಬುಗೆನ್ನೆಯ ಹೆಂಗಸು.

"ಸೆರಗು ಸ್ವಲ್ಪ ಸರಿಸ್ತೀರಾ ಆಂಟಿ?"

ಸರಿಸಿದರು. ನುಣ್ಣಗೆ ಬೋಳಿಸಿ ಗಂಧ ಬಳಿದ ತಲೆ, ಇಳಿದುಹೋದ ಕೆನ್ನೆ.

"ತಿರುಪ್ತೀಲಿ ಮುಡಿ ಕೊಟ್ಟು ನೆನ್ನೆ ಬಂದೆ ಕಣವ್ವ."

ದಿವ್ಯ ನನ್ನನ್ನು ಕರೆದಳು. ಎಷ್ಟು ದಿಟ್ಟಿಸಿದರೂ ನನ್ನ ಕಣ್ಣಿಗೆ ಫೋಟೋದವರೂ ಇವರೂ ಬೇರೆ ಬೇರೆಯೇ. ಬೇರೆ ಏನಾದರೂ ಗುರುತಿನ ಚೀಟಿ ಇದೆಯೇ ಎಂದು ಕೇಳಿದೆ.

"ಆಧಾರ್ ಲಾಯರತ್ರ ಐತೆ ಸಾರ್. ಕೇಸಿಗೆ ಬೇಕು ಅಂತ ಇಸ್ಕೊಂಡವ್ರೆ."

ನಾನು ಚಿಕ್ಕಬೈರಪ್ಪನವರ ಕಡೆ ತಿರುಗಿ, "ಇವರು ಸೊಣ್ಣಮ್ಮನವರೇನಾ? ನಿಮಗೆ ಗೊತ್ತಿರಬೇಕಲ್ಲ" ಎಂದೆ.

ಬೆಳಗ್ಗಿನಿಂದ ಬಾಯಿಗೆ ಬಿಡುವು ಕೊಡದಿದ್ದ ಮನುಷ್ಯ ಕಿಟಕಿಯ ಕಡೆ ನೋಡಿದರು. "ನಂಗೊತ್ತಿಲ್ಲ ಸಾರ್."

ಸಾಲಿನಲ್ಲಿ ಗುಸುಗುಸು ಎದ್ದಿತು. ಬಾಗಿಲಲ್ಲಿ ನಿಂತಿದ್ದ ತರಕಾರಿ ಅಂಗಡಿಯ ಈಶ್ವರಮ್ಮನಿಗೆ ತಡೆಯಲಾಗಲಿಲ್ಲ.

"ಗೊತ್ತಿಲ್ವಂತೆ! ಒಂದೇ ಹೊಟ್ಟೇಲಿ ಹುಟ್ಟಿದ ತಂಗಿ ಗೊತ್ತಿಲ್ವಂತೆ! ಅಪ್ಪನ ಆಸ್ತೀಲಿ ಪಾಲು ಕೇಳಿದ್ಲು ಸಾರ್, ಅದ್ಕೇ ಇವ್ಳು ನಮ್ಮಪ್ಪನ ಮಗಳೇ ಅಲ್ಲ, ಎಲ್ಲಿಂದ್ಲೋ ತಂದು ಸಾಕಿದ್ದು ಅಂತ ಕೋರ್ಟಲ್ಲಿ ಹೇಳವ್ರೆ ಈ ಮಹಾನುಭಾವ್ರು."

ಅವರ ಮನೆಯ ಜಗಳ ಕಟ್ಟಿಕೊಂಡು ನನಗೇನಾಗಬೇಕು? ನನಗೆ ಬೇಕಾದದ್ದು ಗುರುತು ಮಾತ್ರ. ಈಶ್ವರಮ್ಮನ ಜೊತೆ ಇನ್ನಿಬ್ಬರು ಹೆಂಗಸರೂ ಇವರೇ ಸೊಣ್ಣಮ್ಮ ಎಂದರು. ನನಗೆ ಅಷ್ಟು ಸಾಕಾಗಿತ್ತು.

"ಆಯ್ತಮ್ಮ, ಹೋಗಿ ವೋಟ್ ಹಾಕಿ."

ಆಕೆ ದಿವ್ಯಳ ಮೇಜಿನ ಮುಂದಿನಿಂದ ಕದಲಲಿಲ್ಲ. "ಬ್ಯಾಡ ಸಾರ್. ಗುರ್ತು ಹೇಳಕ್ಕೆ ಅಂತ ಕೂತಿರೋದು ನಮ್ಮಣ್ಣ. ಅವ್ನೇ ಹೇಳ್ಲಿ."

"ಅವರೇ ಹೇಳಬೇಕು ಅಂತ ರೂಲ್ಸ್ ಇಲ್ಲಮ್ಮ."

"ನಿಮ್ಗಿಲ್ಲ ಸಾರ್. ನಂಗೈತೆ. ಅವ್ನು ಹೇಳ್ದೆ ಇದ್ರೆ ನನ್ ವೋಟು ಹೋದ್ರೆ ಹೋಗ್ಲಿ, ನಾನು ಹಾಕಾಕಿಲ್ಲ."

ನನಗೆ ರೇಗಿತು. ಪೊಲೀಸರನ್ನು ಕರೆದು ಹೊರಗೆ ಕಳಿಸಬಹುದಿತ್ತು. ಆದರೆ ಆ ಬೋಳುತಲೆ ನೋಡಿ ಮನಸ್ಸು ಬರಲಿಲ್ಲ. ಬೈದೆ, ಬುದ್ಧಿ ಹೇಳಿದೆ, ನೀರು ಕೊಟ್ಟೆ. ನೀರು ಮಾತ್ರ ತೆಗೆದುಕೊಂಡರು. ಸಾಲು ನಿಂತೇ ಹೋಯಿತು. ಒಲೆ ಮೇಲೆ ಅನ್ನ ಇಟ್ಟು ಬಂದಿದ್ದೀನಿ ಎಂದು ಒಬ್ಬರು ಹೊರಟರು, ಅವರ ಹಿಂದೆ ನಾಲ್ಕಾರು ಜನ ಹೊರಟರು. ಹೊರಟವರೆಲ್ಲ ಚಿಕ್ಕಬೈರಪ್ಪನವರಿಗೆ ಕೈಮುಗಿದವರೇ, ಅವರ ಪಾರ್ಟಿಗೆ ವೋಟು ಹಾಕುವವರೇ ಎಂಬುದು ನನಗಿಂತ ಮೊದಲು ಅವರಿಗೇ ಹೊಳೆಯಿತು.

"ಯಜಮಾನ್ರೇ, ನಮ್ಮೋರೆಲ್ಲ ವಾಪಸ್ ಹೋಯ್ತಾವ್ರೆ! ಒಳ್ಗೆ ಏನ್ ಮಾಡ್ತಿದೀರ?" ಎಂದು ಸಾಲಿನಲ್ಲಿದ್ದ ಅವರ ಪಾರ್ಟಿಯವನೊಬ್ಬ ಕೂಗಿದ.

ಅವರು ಟವೆಲಿನಲ್ಲಿ ಕತ್ತು ಒರೆಸಿಕೊಂಡರು. "ಬಿಡಿ ಸಾರ್. ಸೊಣ್ಣಮ್ಮನೇ. ಹಾಕ್ಲಿ."

"ಯಾವ ಸೊಣ್ಣಮ್ಮ ಅಂತ ಹೇಳಣ್ಣ."

"ಗೊತ್ತಾಯ್ತಲ್ಲ, ಹೋಗಮ್ಮ."

"ಯಾವ ಸೊಣ್ಣಮ್ಮ?"

ಇನ್ನೊಂದಿಬ್ಬರು ಸಾಲು ಬಿಟ್ಟರು.

"ನನ್ ತಂಗಿ ಸಾರ್! ನಮ್ಮಪ್ಪನ ಮಗಳು! ಸಾಕಾ?" ಎಂದು ಚಿಕ್ಕಬೈರಪ್ಪ ಕಿರುಚಿದರು. ರಘುವಿನ ಆಕಳಿಕೆ ಅರ್ಧಕ್ಕೇ ನಿಂತಿತು.

ಸೊಣ್ಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾಟಕದ ಅಳುವಲ್ಲ ಅದು. ದಿವ್ಯಳ ಪಕ್ಕದವರು ಬೆರಳಿಗೆ ಶಾಯಿ ಹಚ್ಚಿದರು. ಆಕೆ ಮರೆಗೆ ಹೋಗಿ ಗುಂಡಿ ಒತ್ತಿದರು. ಯಂತ್ರ ಕೂಗಿತು, ಸಾಲು ಮುಂದೆ ಸರಿಯಿತು. ಆಕೆ ಮಾತ್ರ ಬಾಗಿಲ ಕಡೆ ಹೋಗದೆ ನೆಟ್ಟಗೆ ನನ್ನ ಮೇಜಿನ ಹತ್ತಿರ ಬಂದರು. ಕಣ್ಣು ಇನ್ನೂ ಒದ್ದೆಯಾಗಿಯೇ ಇತ್ತು.

"ನೀವೂ ಕೇಳಿಸ್ಕೊಂಡ್ರಲ್ಲ ಸಾರ್?"

"ಕೇಳಿಸ್ಕೊಂಡೆ."

"ನಮ್ ಲಾಯರ್ ಬಂದು ಕೇಳಿದ್ರೆ ಹೇಳ್ತೀರಾ? ನಿಮ್ ಹೆಸ್ರೇನು, ಯಾವ ಸ್ಕೂಲು?"

ಚಿಕ್ಕಬೈರಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ನನ್ನನ್ನೇ ನೋಡುತ್ತ, ಬೇಡ ಎನ್ನುವಂತೆ ತಲೆಯಾಡಿಸಿದರು. ನಿಮ್ಮ ಮನೆ ವಿಷಯ ನನಗೆ ಬೇಡಮ್ಮ ಎಂದು ಹೇಳಿ ಕಳಿಸಬಹುದಿತ್ತು. ಜೀವನವಿಡೀ ಹಾಗೆ ಹೇಳಿಕೊಂಡೇ ಬಂದವನು ನಾನು.

"ನಂದಕುಮಾರ್" ಎಂದೆ. ಆಮೇಲೆ ಜಯನಗರದ ನಮ್ಮ ಶಾಲೆಯ ಹೆಸರನ್ನು, ಅವರು ಮರೆಯದ ಹಾಗೆ, ಎರಡು ಸಲ ನಿಧಾನವಾಗಿ ಹೇಳಿದೆ.